ನಾಲ್ಕು ತಂಡ, ತಲಾ 39 ಸೋಲು: ಅರ್ಧಕ್ಕೆ ನಿಂತ ಲೀಗಿನ ಅಂಕಪಟ್ಟಿ

2020ರ ಮಾರ್ಚ್ 13ರ ಶುಕ್ರವಾರ, ಮರುದಿನದಿಂದ ಒಂದು ವಾರ ಚಿತ್ರಮಂದಿರ, ಮಾಲ್, ಸಭೆ-ಸಮಾರಂಭ, ಕ್ರೀಡಾಕೂಟ ಯಾವುದೂ ನಡೆಯಕೂಡದೆಂದು ರಾಜ್ಯ ಸರ್ಕಾರ ಪ್ರಕಟಿಸಿತು. ಆ ಹೊತ್ತಿಗೆ ಹುಬ್ಬಳ್ಳಿಯಲ್ಲಿ ನಾವು ಕೆಲವರು ಸೇರಿ ನಡೆಸುತ್ತಿದ್ದ ಎಂಟು ತಂಡಗಳ ಬಾಸ್ಕೆಟ್‌ಬಾಲ್ ಲೀಗಿನ 28 ಪಂದ್ಯಗಳ ಪೈಕಿ 19 ಮುಗಿದಿದ್ದವು. ಒಂದು ವಾರದ ಮಾತು ಎಂದುಕೊಂಡು ಸ್ಕೋರ್ ಶೀಟುಗಳನ್ನು ಫೈಲಿಗೆ ಹಾಕಿ ಮನೆಗೆ ತಂದೆ. ಆ ವಾರ ಮುಗಿಯಲೇ ಇಲ್ಲವೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ನಿಂತ ಜಾಗದಲ್ಲಿ ಅಂಕಪಟ್ಟಿಯನ್ನು ಹೇಗೆ ಓದಬೇಕೆಂಬ ತಕರಾರು ಮಾತ್ರ ತಿಂಗಳುಗಟ್ಟಲೆ ಜೀವಂತವಾಗಿತ್ತು. ಅದೇ ವೇಳೆಯಲ್ಲಿ ಅಮೆರಿಕದ ಎನ್‌ಬಿಎ ಲೀಗು ತನ್ನ 2019–20ರ ಸೀಸನ್ನಿನಲ್ಲಿ ಇದೇ ಪ್ರಶ್ನೆಯನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಎದುರಿಸುತ್ತಿತ್ತು. ಆ ಸೀಸನ್ನನ್ನು, ಅದರಲ್ಲೂ ಫೀನಿಕ್ಸ್ ಸನ್ಸ್ ಎಂಬ ಒಂದು ತಂಡಕ್ಕೆ ಆದದ್ದನ್ನು, ಲೆಕ್ಕದ ಕಣ್ಣಿನಿಂದ ಬಿಡಿಸಿ ನೋಡುವುದು ಈ ಬರಹದ ಕೆಲಸ.

ಮೊದಲು ನಮ್ಮ ಪಟ್ಟಿಯನ್ನು ನೋಡೋಣ, ಏಕೆಂದರೆ ಪ್ರಶ್ನೆ ಹುಟ್ಟಿದ್ದು ಅಲ್ಲಿ. ಅಂತರರಾಷ್ಟ್ರೀಯ ಒಕ್ಕೂಟವಾದ ಫೀಬಾದ ಪದ್ಧತಿಯಂತೆ ನಾವು ಗೆದ್ದವರಿಗೆ 2, ಸೋತವರಿಗೆ 1 ಅಂಕ ಕೊಡುತ್ತಿದ್ದೆವು. ಕೋರ್ಟಿಗೆ ಬಾರದೆ ಪಂದ್ಯ ಬಿಟ್ಟುಕೊಟ್ಟವರಿಗೆ ಸೊನ್ನೆ. ಎಲ್ಲ ತಂಡಗಳೂ ಸಮನಾಗಿ ಆಡಿದ್ದರೆ ಇದರಲ್ಲಿ ಯಾವ ಊನವೂ ಕಾಣುವುದಿಲ್ಲ. ನಮ್ಮಲ್ಲಿ ಸಮನಾಗಿ ಆಡಿರಲಿಲ್ಲ. ವಿದ್ಯಾನಗರದ ತಂಡ ಆರು ಪಂದ್ಯ ಆಡಿ ಮೂರು ಗೆದ್ದು ಮೂರು ಸೋತಿತ್ತು: 9 ಅಂಕ. ಧಾರವಾಡದ ಕಾಲೇಜು ಹುಡುಗರ ತಂಡ ಆಂತರಿಕ ಪರೀಕ್ಷೆಯ ಕಾರಣಕ್ಕೆ ಎರಡು ಸಲ ದಿನ ಮುಂದೂಡಿಸಿಕೊಂಡು ನಾಲ್ಕೇ ಪಂದ್ಯ ಆಡಿತ್ತು, ನಾಲ್ಕನ್ನೂ ಗೆದ್ದಿತ್ತು: 8 ಅಂಕ. ಅಂದರೆ ಒಂದೂ ಸೋಲದ ತಂಡ ಮೂರು ಸೋತ ತಂಡದ ಕೆಳಗೆ ಕುಳಿತಿತ್ತು. ಕೇಶ್ವಾಪುರದವರು ಐದರಲ್ಲಿ ನಾಲ್ಕು ಗೆದ್ದು 9 ಅಂಕದೊಡನೆ ವಿದ್ಯಾನಗರಕ್ಕೆ ಸರಿಸಮ ನಿಂತಿದ್ದರು. ಪಾಳಿ ಕೆಲಸದವರೇ ಹೆಚ್ಚಾಗಿದ್ದ ನವನಗರದ ತಂಡ ನಾಲ್ಕರಲ್ಲಿ ಎರಡು ಗೆದ್ದು 6 ಅಂಕ ಪಡೆದು ಆರನೆಯ ಸ್ಥಾನದ ಸುತ್ತ ಇತ್ತು.

ಅಂಕವನ್ನು ಬಿಟ್ಟು ಗೆಲುವಿನ ಪ್ರಮಾಣದಿಂದ ಅದೇ ಫಲಿತಾಂಶಗಳನ್ನು ಜೋಡಿಸಿದರೆ ಚಿತ್ರ ತಲೆಕೆಳಗಾಗುತ್ತದೆ. ಧಾರವಾಡ ಶೇ. 100ರೊಂದಿಗೆ ಮೊದಲು, ಕೇಶ್ವಾಪುರ ಶೇ. 80ರೊಂದಿಗೆ ಎರಡನೆಯದು; ವಿದ್ಯಾನಗರ ಶೇ. 50ಕ್ಕೆ ಇಳಿದು, ಆರನೆಯ ಸ್ಥಾನದಲ್ಲಿದ್ದ ನವನಗರದೊಂದಿಗೆ ನಾಲ್ಕನೆಯ ಜಾಗಕ್ಕೆ ಜಗಳಕ್ಕೆ ನಿಲ್ಲುತ್ತದೆ. ಸೆಮಿಫೈನಲಿಗೆ ನಾಲ್ಕೇ ತಂಡ ಹೋಗಬೇಕಾದ್ದರಿಂದ ಇದು ಬರೀ ಕಾಗದದ ಜಗಳವಾಗಿರಲಿಲ್ಲ. ಧಾರವಾಡದ ತಂಡದ ನಾಯಕ ಫೋನಿನಲ್ಲಿ, “ಸರ, ನಾವು ಒಂದೂ ಸೋತಿಲ್ಲಲ್ರಿ, ಮೂರು ಸೋತವರ ಕೆಳಗ ಹ್ಯಾಂಗ್ರಿ?” ಎಂದು ಕೇಳಿದ. ಅವನ ಮಾತು ಸರಿ ಎನಿಸಿ ನಾನು ಪ್ರಮಾಣದ ಪಟ್ಟಿಯನ್ನು ತಯಾರಿಸಿ ಎಲ್ಲರಿಗೂ ಕಳುಹಿಸಿದೆ. ಅರ್ಧ ಗಂಟೆಯೊಳಗೆ ವಿದ್ಯಾನಗರದ ತರಬೇತುದಾರರ ಕರೆ ಬಂತು: “ನೀವು ಕರದಾಗೆಲ್ಲಾ ನಾವು ಬಂದೇವಿ, ಆಡೇವಿ. ಬರೋದಿಲ್ಲ ಅಂದವ್ರು ಮ್ಯಾಲೆ, ಬಂದು ಸೋತವ್ರು ಕೆಳಗ ಅಂದ್ರ ಇದು ಯಾವ ನ್ಯಾಯ್ರಿ ಸರ?” ಅವರ ತಂಡ ಮೊದಲ ನಾಲ್ಕರಲ್ಲಿ ಮೂರು ಗೆದ್ದು, ಉಳಿದವರಿಗಿಂತ ಮುಂಚಿತವಾಗಿ ಆಡಿದ ಕೊನೆಯ ಎರಡು ಪಂದ್ಯಗಳಲ್ಲಿ ಸೋತಿತ್ತು. ಇಬ್ಬರ ಮಾತೂ ಸರಿಯೇ ಆಗಿತ್ತು, ಎರಡಕ್ಕೂ ಒಂದೇ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಅಮೆರಿಕದ ಲೀಗು ನಿಂತ ಬಗೆ

ಎನ್‌ಬಿಎ ಸೀಸನ್ನಿನಲ್ಲಿ 30 ತಂಡಗಳು ತಲಾ 82 ಪಂದ್ಯ ಆಡುತ್ತವೆ. ಪೂರ್ವ ಮತ್ತು ಪಶ್ಚಿಮ ವಿಭಾಗಗಳಿಂದ ಎಂಟೆಂಟು ತಂಡಗಳು, ಸೋತವರು ಹೊರಬೀಳುವ ಪ್ಲೇಆಫ್ ಹಂತಕ್ಕೆ ಹೋಗುವುದು ಆಗಿನ ಪದ್ಧತಿ. 2019ರ ಅಕ್ಟೋಬರ್ 22ರಂದು ಸೀಸನ್ ಶುರುವಾಯಿತು. ಅದಕ್ಕೂ ಮುಂಚೆ ಅಕ್ಟೋಬರ್ 4 ಮತ್ತು 5ರಂದು ಇಂಡಿಯಾನಾ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ತಂಡಗಳು ಮುಂಬೈಯಲ್ಲಿ ಎರಡು ಪೂರ್ವಸಿದ್ಧತಾ ಪಂದ್ಯ ಆಡಿದ್ದವು. ಎನ್‌ಬಿಎ ತಂಡಗಳು ಭಾರತದಲ್ಲಿ ಆಡಿದ್ದು ಅದೇ ಮೊದಲು. ನಮ್ಮ ಕೋರ್ಟಿನ ಇಬ್ಬರು ಹುಡುಗರು ರೈಲಿನಲ್ಲಿ ಮುಂಬೈಗೆ ಹೋಗಿ, ಒಳಗೆ ಟಿಕೆಟ್ ಸಿಗದೆ ಹೊರಗಿನಿಂದಲೇ ಫೋಟೊ ತೆಗೆಸಿಕೊಂಡು ಬಂದಿದ್ದರು. ಆ ವರ್ಷ ಇಲ್ಲಿ ಆ ಲೀಗಿನ ಮೇಲೆ ಅಷ್ಟು ಕಣ್ಣು ನೆಟ್ಟಿದ್ದಕ್ಕೆ ಅದೂ ಒಂದು ಕಾರಣ.

2020ರ ಮಾರ್ಚ್ 11ರ ರಾತ್ರಿ ಒಕ್ಲಹೋಮ ಸಿಟಿಯಲ್ಲಿ ಆಟಗಾರರು ಅಂಗಳಕ್ಕೆ ಇಳಿದು ಪಂದ್ಯ ಇನ್ನೇನು ಆರಂಭವಾಗಬೇಕು ಎನ್ನುವಾಗ, ಯೂಟಾ ಜಾಝ್ ತಂಡದ ರೂಡಿ ಗೊಬೇರ್ ಅವರಿಗೆ ಕೊರೊನಾ ಸೋಂಕು ಇರುವುದು ಖಚಿತವಾಯಿತು. ಆ ಪಂದ್ಯ ರದ್ದಾಯಿತು, ಅದೇ ರಾತ್ರಿ ಇಡೀ ಸೀಸನ್ನನ್ನೂ ತಡೆಹಿಡಿಯಲಾಯಿತು. ಆ ಹೊತ್ತಿಗೆ 971 ಪಂದ್ಯ ಮುಗಿದಿದ್ದವು. ಆದರೆ ಸ್ಯಾನ್ ಆಂಟೋನಿಯೊ ತಂಡ 63 ಆಡಿದ್ದರೆ ಡಲ್ಲಾಸ್ ಮತ್ತು ಅಟ್ಲಾಂಟಾ 67 ಆಡಿದ್ದವು. ನಮ್ಮ ನಾಲ್ಕು–ಆರರ ಗೋಳು ಅಲ್ಲಿ 63–67 ಆಗಿತ್ತು. ಅವರಿಗಿದ್ದ ಒಂದು ಅನುಕೂಲವೆಂದರೆ ಎನ್‌ಬಿಎ ಅಂಕ ಕೊಡುವುದೇ ಇಲ್ಲ. ಮೊದಲಿನಿಂದಲೂ ಗೆಲುವಿನ ಪ್ರಮಾಣವನ್ನೇ ನೋಡುತ್ತದೆ. ಹಾಗಾಗಿ ಸೋತರೂ ಒಂದು ಅಂಕ ಗಳಿಸಿಕೊಂಡು ಮೇಲೇರುವ ನಮ್ಮ ವಿಚಿತ್ರ ಅಲ್ಲಿ ಹುಟ್ಟುವಂತಿರಲಿಲ್ಲ. ಆದರೆ ಪ್ರಮಾಣಕ್ಕೂ ತನ್ನದೇ ಒಂದು ವಕ್ರತೆ ಇದೆ, ಅದು ಆಗಸ್ಟಿನಲ್ಲಿ ಬಯಲಾಯಿತು.

ಜೂನ್ 4ರಂದು ತಂಡಗಳ ಮಾಲೀಕರ ಮಂಡಳಿ ಒಂದು ಯೋಜನೆಯನ್ನು 29–1 ಮತಗಳಿಂದ ಒಪ್ಪಿತು. ಫ್ಲಾರಿಡಾದ ಡಿಸ್ನಿ ವರ್ಲ್ಡ್ ಆವರಣದಲ್ಲಿ, ಪ್ರೇಕ್ಷಕರಿಲ್ಲದೆ, ಹೊರಗಿನವರ ಸಂಪರ್ಕವಿಲ್ಲದೆ 22 ತಂಡಗಳು ತಲಾ ಎಂಟು ಪಂದ್ಯ ಆಡಿ ಸ್ಥಾನ ನಿರ್ಧರಿಸಿಕೊಳ್ಳಬೇಕು, ಆಮೇಲೆ ಪ್ಲೇಆಫ್ ನಡೆಯಬೇಕು. ವಿರೋಧಿಸಿದ ಆ ಒಂದು ಮತ ಪೋರ್ಟ್‌ಲ್ಯಾಂಡ್ ಟ್ರೇಲ್ ಬ್ಲೇಜರ್ಸ್ ತಂಡದ್ದು. ಈ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮೂವತ್ತಲ್ಲ, ಹದಿನಾರೂ ಅಲ್ಲ, 22 ಏಕೆ? ಪ್ಲೇಆಫ್ ಸ್ಥಾನದಲ್ಲಿದ್ದ 16 ತಂಡಗಳ ಜೊತೆಗೆ, ತಮ್ಮ ವಿಭಾಗದ ಎಂಟನೆಯ ತಂಡಕ್ಕಿಂತ ಆರು ಪಂದ್ಯಗಳೊಳಗಿನ ಅಂತರದಲ್ಲಿದ್ದ ತಂಡಗಳನ್ನೂ ಸೇರಿಸಲಾಯಿತು. ಈ ಅಂತರವನ್ನು ಲೆಕ್ಕ ಹಾಕುವ ಬಗೆ ಸರಳ: ಎರಡು ತಂಡಗಳ ಗೆಲುವುಗಳ ವ್ಯತ್ಯಾಸಕ್ಕೆ ಸೋಲುಗಳ ವ್ಯತ್ಯಾಸವನ್ನು ಕೂಡಿಸಿ ಎರಡರಿಂದ ಭಾಗಿಸಬೇಕು. ಪಶ್ಚಿಮದಲ್ಲಿ ಎಂಟನೆಯ ಸ್ಥಾನದಲ್ಲಿದ್ದ ಮೆಂಫಿಸ್ 32 ಗೆದ್ದು 33 ಸೋತಿತ್ತು. ಫೀನಿಕ್ಸ್ 26 ಗೆದ್ದು 39 ಸೋತಿತ್ತು. ಆರು, ಆರು, ಕೂಡಿದರೆ ಹನ್ನೆರಡು, ಭಾಗಿಸಿದರೆ ಸರಿಯಾಗಿ ಆರು. ಫೀನಿಕ್ಸ್ ಗೆರೆಯ ಮೇಲೆಯೇ ಕಾಲಿಟ್ಟು ಒಳಗೆ ಬಂತು. ಪೂರ್ವದಲ್ಲಿ ಒರ್ಲ್ಯಾಂಡೊ 30–35, ವಾಷಿಂಗ್ಟನ್ 24–40: ಅಂತರ ಐದೂವರೆ, ಒಳಗೆ. ಷಾರ್ಲಟ್ 23–42: ಅಂತರ ಏಳು, ಹೊರಗೆ. ಹೊರಗುಳಿದ ಎಂಟು ತಂಡಗಳಲ್ಲಿ, ಹಿಂದಿನ ಐದು ವರ್ಷ ಸತತವಾಗಿ ಫೈನಲ್ ಆಡಿ ಈ ಸಲ 15–50ಕ್ಕೆ ಕುಸಿದಿದ್ದ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಕೂಡ ಒಂದು.

ಗೆರೆ ಆರರಲ್ಲೇ ಏಕೆ ಬಿತ್ತು ಎಂಬುದಕ್ಕೆ ಶುದ್ಧ ಕ್ರೀಡೆಯ ಉತ್ತರವಿಲ್ಲವೆಂದೇ ನನ್ನ ಅಭಿಪ್ರಾಯ. ಎಂಟೇ ಪಂದ್ಯದಲ್ಲಿ ಆರು ಪಂದ್ಯಗಳ ಅಂತರವನ್ನು ಯಾರು ತಾನೇ ತುಂಬಿಯಾರು? ಆದರೆ ಎಂಟು ಪಂದ್ಯ ಎಂಬ ಸಂಖ್ಯೆಗೆ ಒಂದು ಲೆಕ್ಕಾಚಾರ ಕಾಣಿಸುತ್ತದೆ. ಪ್ರಾದೇಶಿಕ ದೂರದರ್ಶನ ವಾಹಿನಿಗಳ ಒಪ್ಪಂದಕ್ಕೆ ತಂಡಗಳು 70 ಪಂದ್ಯ ಮುಟ್ಟುವುದು ಮುಖ್ಯವಾಗಿತ್ತು. ಎಲ್ಲಕ್ಕಿಂತ ಕಡಿಮೆ ಆಡಿದ್ದ ತಂಡಗಳಲ್ಲಿ ಒಂದಾದ ಸ್ಯಾನ್ ಆಂಟೋನಿಯೊದ 63ಕ್ಕೆ ಎಂಟು ಸೇರಿಸಿದರೆ 71. ಮೇ 15ರಿಂದ ಆಟಗಾರರ ವೇತನದಲ್ಲೂ ಶೇ. 25ನ್ನು ತಡೆಹಿಡಿಯಲಾಗಿತ್ತು. ಹಣದ ಕಾರಣವಿದ್ದ ಮಾತ್ರಕ್ಕೆ ನಿಯಮ ಕೆಟ್ಟದ್ದಾಗುವುದಿಲ್ಲ. ಆದರೆ ನಿಯಮವನ್ನು ಓದುವಾಗ ಅದು ಎಲ್ಲಿಂದ ಬಂತೆಂಬುದು ತಿಳಿದಿರಬೇಕು.

ಕೊನೆಯದಾಗಿ ಇನ್ನೊಂದು ಹೊಸ ನಿಯಮ: ಎಂಟನೆಯ ಮತ್ತು ಒಂಬತ್ತನೆಯ ತಂಡಗಳ ನಡುವೆ ನಾಲ್ಕು ಪಂದ್ಯ ಅಥವಾ ಅದಕ್ಕಿಂತ ಕಡಿಮೆ ಅಂತರವಿದ್ದರೆ ಅವೆರಡೂ ಮತ್ತೆ ಆಡಬೇಕು. ಎಂಟನೆಯವರಿಗೆ ಒಂದು ಗೆಲುವು ಸಾಕು, ಒಂಬತ್ತನೆಯವರು ಎರಡು ಸಲ ಗೆಲ್ಲಬೇಕು. ಮೊದಲು ದುಡಿದವರಿಗೆ ಒಂದಿಷ್ಟು ಅನುಕೂಲ, ಹಿಂದುಳಿದವರಿಗೆ ಒಂದು ಕಿಂಡಿ. ಇಡೀ ಯೋಜನೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ಎಂಟಕ್ಕೆ ಎಂಟು

ಜುಲೈ 30ರಂದು ಆಟ ಮತ್ತೆ ಶುರುವಾಯಿತು. ಫೀನಿಕ್ಸ್ ಮೊದಲು ವಾಷಿಂಗ್ಟನ್ ವಿರುದ್ಧ 125–112ರಿಂದ, ಆಮೇಲೆ ಡಲ್ಲಾಸ್ ವಿರುದ್ಧ 117–115ರಿಂದ ಗೆದ್ದಿತು. ಮೂರನೆಯದು ಪ್ರಶಸ್ತಿಯ ದಾವೇದಾರರಲ್ಲಿ ಒಂದಾದ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ಎದುರು. ಸ್ಕೋರ್ 115–115, ಗಡಿಯಾರದಲ್ಲಿ ಉಳಿದದ್ದು ಕೆಲವೇ ಕ್ಷಣ. ಡೆವಿನ್ ಬುಕರ್ ಚೆಂಡು ಹಿಡಿದು, ತಮ್ಮ ಮೈಗೆ ಅಂಟಿಕೊಂಡಂತೆ ನಿಂತ ರಕ್ಷಕರ ನಡುವೆ ತಿರುಗಿ, ಪಾಲ್ ಜಾರ್ಜ್ ಅವರ ಚಾಚಿದ ಕೈ ಮೇಲಿಂದ ಹಿಂದಕ್ಕೆ ವಾಲಿಕೊಂಡೇ ಎಸೆದರು. ಚೆಂಡು ಗಾಳಿಯಲ್ಲಿರುವಾಗಲೇ ಗಂಟೆ ಹೊಡೆಯಿತು, ಬಲೆಯೊಳಗೆ ಇಳಿಯಿತು. ಖಾಲಿ ಸಭಾಂಗಣವಾದ್ದರಿಂದ ಬೆಂಚಿನವರು ಕೂಗುತ್ತ ಓಡಿಬಂದದ್ದು ಫೋನಿನಲ್ಲೂ ಸ್ಪಷ್ಟವಾಗಿ ಕೇಳುತ್ತಿತ್ತು. ಟೇಬಲಿನಲ್ಲಿ ಕುಳಿತು ಗಡಿಯಾರ ಒತ್ತುವ ನನ್ನಂಥವರಿಗೆ ಕಣ್ಣು ಹೋಗುವುದು ಬೇರೆ ಕಡೆಗೆ: ಫಲಕದ ಕೆಂಪು ದೀಪ ಹೊತ್ತುವ ಮುನ್ನ ಚೆಂಡು ಬೆರಳು ಬಿಟ್ಟಿತ್ತೇ? ಬಿಟ್ಟಿತ್ತು.

ಬಳಿಕ ಇಂಡಿಯಾನಾ, ಮಯಾಮಿ, ಒಕ್ಲಹೋಮ ಸಿಟಿ, ಫಿಲಡೆಲ್ಫಿಯಾ ಒಂದರ ಹಿಂದೆ ಒಂದು ಸೋತವು. ಇತ್ತ ಮೆಂಫಿಸ್ ಎಂಟನೆಯ ಸ್ಥಾನವನ್ನು ಕಾಯಬೇಕಾದವರೇ ಎಡವುತ್ತಾ ಬಂದರು. ಅವರ ಮುಖ್ಯ ಆಟಗಾರರಲ್ಲೊಬ್ಬರಾದ ಜ್ಯಾರನ್ ಜಾಕ್ಸನ್ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಹೊರಬಿದ್ದಿದ್ದರು. ಪೋರ್ಟ್‌ಲ್ಯಾಂಡಿನ ಡೇಮಿಯನ್ ಲಿಲ್ಲರ್ಡ್ ಫಿಲಡೆಲ್ಫಿಯಾ ವಿರುದ್ಧ 51, ಡಲ್ಲಾಸ್ ವಿರುದ್ಧ 61 ಅಂಕ ಹೊಡೆದು ತಂಡವನ್ನು ಎಳೆದು ತರುತ್ತಿದ್ದರು.

ಹೀಗೆ ಎಲ್ಲವೂ ಆಗಸ್ಟ್ 13ಕ್ಕೆ ಬಂದು ನಿಂತಿತು. ನಮ್ಮ ಲೆಕ್ಕದಲ್ಲಿ ಅದು 14ರ ನಸುಕು. ಫೀನಿಕ್ಸ್ ಡಲ್ಲಾಸನ್ನು 128–102ರಿಂದ ಸೋಲಿಸಿ ಎಂಟಕ್ಕೆ ಎಂಟನ್ನೂ ಗೆದ್ದಿತು. ಅದೇ ಹೊತ್ತಿಗೆ ಮೆಂಫಿಸ್ ಮಿಲ್ವಾಕಿಯನ್ನು 119–106ರಿಂದ ಸೋಲಿಸಿತು. ಮಿಲ್ವಾಕಿಯ ಜಾನಿಸ್ ಆಂಟೆಟೊಕೂಂಪೊ ಹಿಂದಿನ ಪಂದ್ಯದಲ್ಲಿ ಎದುರಾಳಿಗೆ ತಲೆಯಿಂದ ಗುದ್ದಿದ್ದಕ್ಕೆ ಅಂದು ಆಡುವಂತಿರಲಿಲ್ಲ. ಉಳಿದದ್ದು ಪೋರ್ಟ್‌ಲ್ಯಾಂಡ್ ಮತ್ತು ಬ್ರೂಕ್ಲಿನ್ ಪಂದ್ಯ, ಇಲ್ಲಿ ಬೆಳಗಿನ ಆರೂವರೆಗೆ. ಹಾಲಿನವನು ಬಂದು ಹೋದ, ಹೊರಗೆ ಜಿಟಿಜಿಟಿ ಮಳೆ, ನಾನು ಅಡುಗೆಮನೆಯ ಕಟ್ಟೆಯ ಮೇಲೆ ಫೋನ್ ಒರಗಿಸಿಟ್ಟು ಚಹಾ ಕುದಿಯಲಿಟ್ಟಿದ್ದೆ. ಬ್ರೂಕ್ಲಿನ್ನಿಗೆ ಈ ಪಂದ್ಯದಿಂದ ಏನೂ ಆಗಬೇಕಿರಲಿಲ್ಲ, ಪೂರ್ವದಲ್ಲಿ ಅದರ ಏಳನೆಯ ಸ್ಥಾನ ಗಟ್ಟಿಯಾಗಿತ್ತು, ಹೆಸರಾಂತ ಆಟಗಾರರೂ ಜೊತೆಗಿರಲಿಲ್ಲ. ಆದರೂ ಕೊನೆಯವರೆಗೆ ಬಿಡದೆ ಆಡಿತು. ಲಿಲ್ಲರ್ಡ್ 42 ಅಂಕ ಹೊಡೆದರೂ ಕೊನೆಯ ಕ್ಷಣಗಳಲ್ಲಿ ಪೋರ್ಟ್‌ಲ್ಯಾಂಡ್ ಮುಂದಿದ್ದದ್ದು ಒಂದೇ ಅಂಕದಿಂದ, 134–133. ಚೆಂಡು ಬ್ರೂಕ್ಲಿನ್ನಿನ ಕ್ಯಾರಿಸ್ ಲೆವರ್ಟ್ ಕೈಯಲ್ಲಿ, 37 ಅಂಕ ಗಳಿಸಿದ್ದ ಆತ ಎಸೆದ ಕೊನೆಯ ಚೆಂಡು ಬಳೆಗೆ ಬಡಿದು ಹೊರಬಿತ್ತು. ಚಹಾ ಉಕ್ಕಿ ಹೋಗಿತ್ತು.

ಈಗ ಪಟ್ಟಿ ನೋಡಬೇಕು. ಪೋರ್ಟ್‌ಲ್ಯಾಂಡ್ 35–39. ಮೆಂಫಿಸ್ 34–39. ಫೀನಿಕ್ಸ್ 34–39. ಅವರ ಹಿಂದೆ ಸ್ಯಾನ್ ಆಂಟೋನಿಯೊ 32–39. ನಾಲ್ಕು ತಂಡಗಳಿಗೂ ಸೋಲು ಸರಿಯಾಗಿ 39. ಮೆಂಫಿಸ್ ಮತ್ತು ಫೀನಿಕ್ಸ್ ಸಮವಾದವು, ಪರಸ್ಪರ ಆಡಿದ ಪಂದ್ಯಗಳಲ್ಲಿ ಮೆಂಫಿಸ್ ಮೇಲುಗೈ ಹೊಂದಿದ್ದರಿಂದ ಅದಕ್ಕೆ ಒಂಬತ್ತನೆಯ ಸ್ಥಾನ ಸಿಕ್ಕಿತು. ಪೋರ್ಟ್‌ಲ್ಯಾಂಡಿಗೆ ಶೇ. 47.3, ಫೀನಿಕ್ಸ್‌ಗೆ ಶೇ. 46.6, ಅಂತರ ಅರ್ಧ ಪಂದ್ಯ. ಆ ಅರ್ಧ ಎಲ್ಲಿಂದ ಬಂತು? ಮಾರ್ಚ್ 11ಕ್ಕೆ ಮುಂಚೆ ಪೋರ್ಟ್‌ಲ್ಯಾಂಡ್ 66 ಪಂದ್ಯ ಆಡಿತ್ತು, ಫೀನಿಕ್ಸ್ 65. ಸೋಲು ಸಮವಿದ್ದಾಗ ಹೆಚ್ಚು ಆಡಿದವರು ತಾನಾಗಿಯೇ ಮೇಲೆ ಬರುತ್ತಾರೆ, ಕಡಿಮೆ ಆಡಿದವರು ಕೆಳಗೆ ಉಳಿಯುತ್ತಾರೆ. ಸ್ಯಾನ್ ಆಂಟೋನಿಯೊ ಎಲ್ಲರಿಗಿಂತ ಕೆಳಗಿದ್ದದ್ದೂ ಇದೇ ಕಾರಣಕ್ಕೆ: ಅದು ಆಡಿದ್ದು 71 ಮಾತ್ರ.

ಇದನ್ನು ಅನ್ಯಾಯ ಎನ್ನಬಹುದೇ ಎಂದು ಬಹಳ ದಿನ ಯೋಚಿಸಿದ್ದೇನೆ. ಫೀನಿಕ್ಸ್ ಮಾರ್ಚಿನಲ್ಲಿ ಇನ್ನೊಂದು ಪಂದ್ಯ ಆಡಿದ್ದರೆ ಗೆದ್ದೇ ಗೆಲ್ಲುತ್ತಿತ್ತೆಂದು ಹೇಳಲಾಗದು. ಸೋತು 34–40 ಆಗಿದ್ದರೆ ಮಾತೇ ಮುಗಿಯುತ್ತಿತ್ತು. ಪೋರ್ಟ್‌ಲ್ಯಾಂಡ್ ತನ್ನ ಹೆಚ್ಚಿನ ಗೆಲುವನ್ನು ಆಡಿಯೇ ಗಳಿಸಿತ್ತು. ಹಾಗಾಗಿ ತಪ್ಪು ಮಾಡಿದವರು ಯಾರೂ ಇಲ್ಲ. ಆದರೆ ಲೀಗು ಒಂದು ಅವಕಾಶವನ್ನು ಕೈಬಿಟ್ಟಿತು ಎಂದೇ ನನಗೆ ಅನಿಸುತ್ತದೆ. ಎಲ್ಲರಿಗೂ ಎಂಟೆಂಟು ಪಂದ್ಯ ಕೊಟ್ಟದ್ದರಿಂದ ಹೊರನೋಟಕ್ಕೆ ಸಮತೆ ಕಂಡರೂ ಮಾರ್ಚಿನ ಅಸಮತೆ ಹಾಗೆಯೇ ಉಳಿಯಿತು. ಕೆಲವರಿಗೆ ಏಳು, ಕೆಲವರಿಗೆ ಒಂಬತ್ತು ಕೊಟ್ಟು ಒಟ್ಟು ಸಂಖ್ಯೆಯನ್ನು ಹತ್ತಿರ ತರಬಹುದಿತ್ತು. ಎಂಟು ಪಂದ್ಯಗಳ ಎದುರಾಳಿಗಳೂ ಸಮನಾಗಿರಲಿಲ್ಲ, ಸ್ಥಾನ ಗಟ್ಟಿಯಾದ ತಂಡಗಳು ಕೊನೆಯ ದಿನಗಳಲ್ಲಿ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಟ್ಟದ್ದು ಫೀನಿಕ್ಸ್‌ಗೆ ನೆರವಾಗಿರಲೂ ಸಾಕು.

ಯೋಜನೆಯನ್ನು ವಿರೋಧಿಸಿ ಮತ ಹಾಕಿದ್ದ ಪೋರ್ಟ್‌ಲ್ಯಾಂಡ್ ಅದೇ ಯೋಜನೆಯ ಫಲ ಉಂಡಿತು: ಆಗಸ್ಟ್ 15ರಂದು ಮೆಂಫಿಸನ್ನು 126–122ರಿಂದ ಸೋಲಿಸಿ ಪ್ಲೇಆಫ್ ಸೇರಿತು, ಮೊದಲ ಸುತ್ತಿನಲ್ಲೇ ಲಾಸ್ ಏಂಜಲೀಸ್ ಲೇಕರ್ಸ್ ಎದುರಿನ ಪಂದ್ಯಸರಣಿಯನ್ನು 1–4ರಿಂದ ಸೋತು ಮನೆಗೆ ಹೋಯಿತು. ಲೇಕರ್ಸ್ ಅಕ್ಟೋಬರ್ 11ರಂದು ಮಯಾಮಿಯನ್ನು 4–2ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಫೀನಿಕ್ಸ್ ಮುಂದಿನ ಸೀಸನ್ನಿನಲ್ಲಿ 51–21ರ ಸಾಧನೆಯೊಂದಿಗೆ ಫೈನಲಿನವರೆಗೆ ಹೋಯಿತು.

ಮತ್ತೆ ನಮ್ಮ ಫೈಲು

ಆಗಸ್ಟ್ ಕೊನೆಯಲ್ಲಿ ನಾವು ಐವರು ಫೋನಿನಲ್ಲಿ ಒಟ್ಟಿಗೆ ಕುಳಿತೆವು. ಉಳಿದ ಒಂಬತ್ತು ಪಂದ್ಯ ಆಡಿಸುವ ಮಾತು ಒಂದು ನಿಮಿಷದಲ್ಲಿ ಮುಗಿಯಿತು. ಎಂಟು ತಂಡಗಳನ್ನು ಒಂದೆಡೆ ಇರಿಸಿ ದಿನಾ ತಪಾಸಣೆ ಮಾಡಿಸುವ ಶಕ್ತಿ ನಮಗೆಲ್ಲಿತ್ತು. ಎಲ್ಲ ತಂಡಗಳ ಮೊದಲ ನಾಲ್ಕು ಪಂದ್ಯಗಳನ್ನು ಮಾತ್ರ ಪರಿಗಣಿಸೋಣವೆಂದು ಒಬ್ಬರು ಸೂಚಿಸಿದರು. ಕೇಳಲು ಚೆನ್ನಾಗಿತ್ತು, ವಿದ್ಯಾನಗರದ ದೂರೂ ತೀರುತ್ತಿತ್ತು. ಶೀಟುಗಳನ್ನು ಹರಡಿಕೊಂಡು ಕುಳಿತಾಗ ತೊಡಕು ಗೊತ್ತಾಯಿತು: ವಿದ್ಯಾನಗರದ ಐದನೆಯ ಪಂದ್ಯ ಕೇಶ್ವಾಪುರದ ಮೂರನೆಯದಾಗಿತ್ತು. ಒಬ್ಬರ ಸೋಲನ್ನು ಅಳಿಸಿದರೆ ಇನ್ನೊಬ್ಬರ ಗೆಲುವೂ ಅಳಿಯುತ್ತದೆ, ಅವರ ನಾಲ್ಕು ಮೂರಾಗುತ್ತದೆ, ಅದನ್ನು ತುಂಬಲು ಹೋದರೆ ಮತ್ತೊಬ್ಬರದು ಕೆಡುತ್ತದೆ. ಆಡಿದ ಪಂದ್ಯವನ್ನು ಅಳಿಸಲು ಎನ್‌ಬಿಎ ಏಕೆ ಮುಂದಾಗಲಿಲ್ಲವೆಂಬುದು ಆ ರಾತ್ರಿ ನನಗೆ ಹೊಳೆಯಿತು.

ಕಡೆಗೆ ಆ ವರ್ಷ ವಿಜೇತರನ್ನು ಘೋಷಿಸದಿರಲು ಒಪ್ಪಿದೆವು. ಪ್ರವೇಶ ಶುಲ್ಕವನ್ನು ಮುಂದಿನ ಲೀಗಿಗೆ ಜಮಾ ಮಾಡಿದೆವು. ಕೊಪ್ಪಿಕರ್ ರಸ್ತೆಯ ಅಂಗಡಿಯಲ್ಲಿ ‘2020’ ಎಂದು ಮುಂಚಿತವಾಗಿಯೇ ಕೆತ್ತಿಸಿಟ್ಟಿದ್ದ ಟ್ರೋಫಿ ನನ್ನ ಮನೆಯ ಅಟ್ಟದ ಮೇಲಿದೆ. ಮುಂದಿನ ನಿಯಮಾವಳಿಯಲ್ಲಿ ಎರಡು ಸಾಲು ಸೇರಿಸಿದೆವು. ಯಾವ ಹಂತದಲ್ಲೂ ಯಾವ ತಂಡವೂ ಇನ್ನೊಂದಕ್ಕಿಂತ ಒಂದಕ್ಕಿಂತ ಹೆಚ್ಚು ಪಂದ್ಯ ಮುಂದೆ ಹೋಗುವಂತೆ ದಿನ ಗೊತ್ತುಮಾಡಕೂಡದು. ಲೀಗು ನಡುವೆ ನಿಂತರೆ, ಎಲ್ಲರೂ ಐದು ಪಂದ್ಯ ಮುಗಿಸಿದ್ದರೆ ಮಾತ್ರ, ಅಂಕ ಬಿಟ್ಟು ಗೆಲುವಿನ ಪ್ರಮಾಣದಿಂದ ಸ್ಥಾನ ನಿರ್ಧರಿಸಬೇಕು.

ಕರಡನ್ನು ಎಲ್ಲ ತಂಡಗಳಿಗೂ ಕಳುಹಿಸಿದಾಗ ವಿದ್ಯಾನಗರದ ತರಬೇತುದಾರರು ಮೂರನೆಯ ಸಾಲೊಂದನ್ನು ತಾವೇ ಬರೆದು ವಾಪಸು ಕಳುಹಿಸಿದರು: ಮೂರು ದಿನ ಮುಂಚೆ ತಿಳಿಸದೆ ದಿನ ಬದಲಿಸಲು ಕೇಳಿದ ತಂಡವು ಪಂದ್ಯ ಬಿಟ್ಟುಕೊಟ್ಟಂತೆ, ಸ್ಕೋರ್ 20–0, ಅಂಕ ಸೊನ್ನೆ. ಫೀಬಾ ನಿಯಮದಲ್ಲೂ ಬಿಟ್ಟುಕೊಟ್ಟ ಪಂದ್ಯದ ಸ್ಕೋರು ಅದೇ. ಧಾರವಾಡದ ನಾಯಕ ಎರಡು ದಿನ ಸುಮ್ಮನಿದ್ದ. ಮೂರನೆಯ ದಿನ, “ಪರೀಕ್ಷಾ ವೇಳಾಪಟ್ಟಿ ನಮಗ ಎರಡು ದಿನ ಮೊದಲs ಸಿಗ್ತದರಿ ಸರ, ಮೂರನ್ನ ಎರಡು ಮಾಡ್ರಿ” ಎಂದ. ಎರಡು ಎಂದೇ ತಿದ್ದಿ ಅಚ್ಚು ಹಾಕಿಸಿದೆವು.